ಜಾಯಿಂಟ್ ನೋಡು ಮೊದಲು

ಶುಕ್ರವಾರ

ತುಮಕೂರಿನಿಂದ ದಾವಣಗೆರೆಗೆ ಬಸ್ಸಿನಲ್ಲೇ ಬೇಗ. ಶಿರಾ, ಹಿರಿಯೂರು, ಚಿತ್ರದುರ್ಗ, ಆಮೇಲೆ ದಾವಣಗೆರೆ, ಅಷ್ಟೇ. ರೈಲು ಸುಮ್ನೆ ಸುತ್ತುತ್ತದೆ. ತಿಪಟೂರಿನ ತೆಂಗು, ಅರಸೀಕೆರೆಯ ಟೀ, ಕಡೂರು, ಬೀರೂರು ಎಲ್ಲ ಮುಗಿಸಿ ಚಿಕ್ಕಜಾಜೂರು ದಾಟಿದ ಮೇಲೆ ಮೆಕ್ಕೆಜೋಳದ ಹೊಲಗಳು ಶುರುವಾಗುತ್ತವೆ. ಆದರೂ ರೈಲೇ ಹತ್ತಿದೆ. ವಾಪಸ್ ಬರುವಾಗ ಹೇಗೂ ಚಿತ್ರದುರ್ಗದಲ್ಲಿ ಇಳಿಯೋಣ ಅಂತ ಇತ್ತು.

ಅಕ್ಕನ ಮನೆಗೆ ಹೋಗೋಕೆ ನೆಪ ಬೇಕಿಲ್ಲ. ಈ ಸಲ ನೆಪವೂ ಸಿಕ್ಕಿತ್ತು. ಊರಿನ ಒಂದು ಆರ್ಟ್ ಗ್ಯಾಲರಿಯಲ್ಲಿ ಈ ಭಾಗದ ಹುಡುಗ ಹುಡುಗಿಯರ ಚಿತ್ರ, ಶಿಲ್ಪಗಳ ಪ್ರದರ್ಶನ ನಡೆದಿತ್ತು. ಎಲ್ಲ ಕನಸಿನ ಥರದ್ದು, ಒಂದನ್ನು ತೋರಿಸಿ ಇನ್ನೊಂದನ್ನು ಹೇಳುವ ಥರದ್ದು. ಸರ್ರಿಯಲ್ ಅಂತಾರಲ್ಲ, ಆ ಜಾತಿಯದ್ದು. ದಾವಣಗೆರೆ ಅಂದರೆ ಹೊರಗಿನವರಿಗೆ ಹತ್ತಿ ಗಿರಣಿ, ಬೆಣ್ಣೆ ದೋಸೆ, ಮಂಡಕ್ಕಿ. ಇಲ್ಲೊಂದು ದೃಶ್ಯಕಲಾ ಕಾಲೇಜಿದೆ, ಎಷ್ಟೋ ವರ್ಷಗಳಿಂದ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ತಯಾರು ಮಾಡುತ್ತಿದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಭಾವನಿಗೆ ಹಳೇ ಪಿ.ಬಿ. ರಸ್ತೆ ಕಡೆ ಫ್ಯಾಬ್ರಿಕೇಷನ್ ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಶಟರು ಮಾಡುತ್ತಾರೆ. ರಾತ್ರಿ ಊಟಕ್ಕೆ ಕೂತಾಗ, "ನಾಳೆ ಪ್ರದರ್ಶನಕ್ಕೆ ನೀವೂ ಬರ್ತೀರಾ ಭಾವ?" ಅಂತ ಕೇಳಿದೆ.

"ಅಲ್ಲಿ ಏನೈತೆ?"

"ಚಿತ್ರ ಇದೆ, ಶಿಲ್ಪ ಇದೆ."

"ಶಿಲ್ಪ ಕಲ್ಲಿಂದೋ, ಕಬ್ಬಿಣದ್ದೋ?"

"ಎರಡೂ ಇದೆಯಂತೆ."

"ಹಂಗಾದ್ರೆ ಬರ್ತೀನಿ ತಗಾ."

ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು. ಅವಳು ಕರೆದರೆ ಸಿನಿಮಾಕ್ಕೂ ಹೋಗದ ಮನುಷ್ಯ!

ಬೆಣ್ಣೆ ದೋಸೆಯನ್ನು ಸಂಜೆಯೇ ತಿಂದಾಗಿತ್ತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಇದ್ದಾರೆ, ಬಿಡಿ.

ಶನಿವಾರ

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಎರಡು ಹಾಲ್ ಇದ್ದವು. ಬಿಳಿ ಗೋಡೆ, ಒಳ್ಳೆ ಬೆಳಕು. ನಮ್ಮನ್ನು ಬಿಟ್ಟರೆ ಒಬ್ಬ ವಾಚ್‌ಮನ್, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಇಬ್ಬರು ಹುಡುಗರು. ಅವರೂ ಪ್ರದರ್ಶನದಲ್ಲಿ ಕೆಲಸ ಇಟ್ಟವರೇ ಅಂತ ಆಮೇಲೆ ಗೊತ್ತಾಯಿತು.

ಮೊದಲ ಹಾಲ್ ನನಗೆ ಅಷ್ಟು ಹಿಡಿಸಲಿಲ್ಲ. ಕೊಡಲಿ ಏಟು ಬಿದ್ದ ಮರ, ಅದೇ ಒಬ್ಬ ಹೆಂಗಸು, ಕಣ್ಣಲ್ಲಿ ನೀರು. ಮೊಬೈಲ್ ಪರದೆಯೊಳಗೆ ಕಂಬಿ ಹಿಡಿದು ನಿಂತ ಮಗು. ಡ್ರಿಪ್ ಹಾಕಿಸಿಕೊಂಡು ಮಲಗಿದ ಭೂಮಿ. ನೋಡಿದ ತಕ್ಷಣ ಅರ್ಥ ಆಗುತ್ತೆ, ಆದ ತಕ್ಷಣ ಮುಗಿದೂ ಹೋಗುತ್ತೆ. ಸ್ಲೋಗನ್ ಬರೆದು ಗೋಡೆಗೆ ಅಂಟಿಸಿದ್ದರೂ ಇಷ್ಟೇ ಆಗುತ್ತಿತ್ತು. ಬಣ್ಣ ಹಚ್ಚುವ ಕೈ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲ್ಲ. ಆದರೆ ಅಲ್ಲಿ ಎರಡು ನಿಮಿಷ ನಿಲ್ಲೋಕೆ ಕಾರಣವೇ ಸಿಗಲಿಲ್ಲ.

ಭಾವ ಚಿತ್ರಗಳನ್ನು ದಾಟಿ ನೇರವಾಗಿ ಒಂದು ಶಿಲ್ಪದ ಹತ್ತಿರ ಹೋದರು. ಹಳೇ ಸೈಕಲ್ಲು. ಮುಂದಿನ ಚಕ್ರ ತೆಗೆದು ಅಲ್ಲಿ ಎತ್ತಿನ ಗಾಡಿಯ ಚಕ್ರ ಕೂರಿಸಿದ್ದರು. ಭಾವ ಬಗ್ಗಿ, ಕನ್ನಡಕ ಮೇಲೆ ಮಾಡಿ, ಫೋರ್ಕಿನ ಹತ್ತಿರ ಮುಖ ಒಯ್ದು ನೋಡಿದರು.

"ಬರೇ ಟ್ಯಾಕ್ ಹೊಡೆದು ಬಿಟ್ಟಾನೆ."

ಟ್ಯಾಕ್ ಅಂದರೆ ಎರಡು ತುಂಡು ಜರುಗದೆ ಇರಲಿ ಅಂತ ಮೊದಲು ಅಲ್ಲಲ್ಲಿ ಹಾಕುವ ಚುಕ್ಕೆ ವೆಲ್ಡಿಂಗು. ಅಳತೆ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಉದ್ದಕ್ಕೆ ಬೆಸುಗೆ ಎಳೆದು, ಗ್ರೈಂಡರ್ ಹಿಡಿದು ನುಣ್ಣಗೆ ಮಾಡಬೇಕು.

"ಇರಲಿ ಬಿಡಿ ಭಾವ, ಇದೇನು ಓಡಿಸೋ ಸೈಕಲ್ ಅಲ್ಲವಲ್ಲ."

"ಓಡಿಸೋದು ಬ್ಯಾಡಪ್ಪ. ಗಾಡಿ ಅಚ್ಚು ಎಷ್ಟು ದಪ್ಪ ಇರುತ್ತೆ? ಈ ಫೋರ್ಕ್ ಎಷ್ಟು ಅಗಲ? ಆ ಚಕ್ರ ಇಲ್ಲಿಗೆ ಬಂದು ಕೂರಬೇಕು ಅಂದ್ರೆ ಫೋರ್ಕ್ ಸೊಟ್ಟ ಆಗ್ಬೇಕು, ಹ್ಯಾಂಡಲ್ ಮೇಲಕ್ಕೆ ಏಳ್ಬೇಕು, ಸೀಟು ಹಿಂದಕ್ಕೆ ವಾಲ್ಬೇಕು. ಇಡೀ ಸೈಕಲ್ಲೇ ಬೇರೆ ಆಗ್ತಿತ್ತು. ಇವನು ಎರಡು ಸಾಮಾನು ತಂದು ಅಂಟಿಸ್ಯಾನೆ. ಜಾಯಿಂಟ್ ನೋಡು ಮೊದಲು. ಜಾಯಿಂಟ್ ಸುಳ್ಳು ಅಂದ್ರೆ ಎಲ್ಲಾ ಸುಳ್ಳು."

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಕಲಾ ವಿಮರ್ಶೆ ಓದಿ ಓದಿ ತಲೆ ಕೆಡಿಸಿಕೊಂಡವನು ನಾನು. ಇವರು ಒಂದೇ ಮಾತಲ್ಲಿ ಮುಗಿಸಿದ್ದರು.

ಈ ಸರ್ರಿಯಲಿಸಂ ಅನ್ನೋದರ ಮೂಲವೇ ಜೋಡಣೆ ತಾನೆ? ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆಟನ್ 1924ರಲ್ಲಿ ಇದರ ಪ್ರಣಾಳಿಕೆ ಹೊರಡಿಸಿದ. ಎಚ್ಚರದ ಬುದ್ಧಿಯನ್ನು ಪಕ್ಕಕ್ಕಿಟ್ಟು ಕನಸಿನ ದಾರಿಯಲ್ಲಿ ಮನಸ್ಸು ಹೋದ ಕಡೆ ಹೋಗಲಿ ಅನ್ನೋದು ಅವನ ವಾದ. ಮನೋವಿಜ್ಞಾನಿ ಫ್ರಾಯ್ಡ್ ಕನಸುಗಳ ಬಗ್ಗೆ ಬರೆದದ್ದರ ಪ್ರಭಾವ ಅದು. ಆ ಗುಂಪಿನವರಿಗೆ ಬಾಯಿಪಾಠ ಆಗಿದ್ದ ಒಂದು ಹಳೆಯ ಮಾತಿತ್ತು. ಹೆಣ ಕೊಯ್ಯುವ ಟೇಬಲ್ ಮೇಲೆ ಒಂದು ಹೊಲಿಗೆ ಮಿಷನ್ನೂ ಒಂದು ಛತ್ರಿಯೂ ಆಕಸ್ಮಿಕವಾಗಿ ಸೇರಿದಷ್ಟು ಚೆಂದ, ಅಂತ. ಸಂಬಂಧವೇ ಇಲ್ಲದ ಎರಡನ್ನು ಒಂದು ಕಡೆ ತಂದಿಡು, ಕಿಡಿ ಹಾರುತ್ತೆ. ಕೇಳೋಕೆ ಸುಲಭ. ಮಾಡೋಕೆ ಹೋದರೆ ಸೈಕಲ್ಲಿಗೆ ಗಾಡಿ ಚಕ್ರ ಅಂಟಿಸಿದ ಹಾಗಾಗುತ್ತೆ. ಹತ್ತಿರ ತಂದಿಟ್ಟರೆ ಸಾಲದು, ಒಂದು ಬಂದಿದ್ದಕ್ಕೆ ಇನ್ನೊಂದು ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕು.

ಸ್ಪೇನಿನ ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವಡಾರ್ ಡಾಲಿಯ ಕರಗುವ ಗಡಿಯಾರಗಳ ಚಿತ್ರವನ್ನೇ ತಗೊಳ್ಳಿ. ಕ್ಯಾಲೆಂಡರ್, ಮಗ್, ಟೀ ಶರ್ಟ್, ಎಲ್ಲ ಕಡೆ ನೋಡಿರುತ್ತೀರಿ. 1931ರದ್ದು. ಮೂಲ ಚಿತ್ರದ ಅಳತೆ ಬರೀ 24 ಸೆಂಟಿಮೀಟರ್‌ಗೆ 33, ಎ4 ಹಾಳೆಗಿಂತ ಸ್ವಲ್ಪ ದೊಡ್ಡದು. ಗಡಿಯಾರ ಬಟ್ಟೆಯ ಹಾಗೆ ಜೋತು ಬಿದ್ದಿದೆ, ನಿಜ. ಆದರೆ ಹಿಂದೆ ಇರುವ ಬಂಡೆ, ಸಮುದ್ರ ಅವನ ಊರಿನ ಕಡೆಯ ಕಡಲ ತೀರದ್ದು. ಅದನ್ನು ಫೋಟೋ ತೆಗೆದ ಹಾಗೆ ಬಿಡಿಸಿದ್ದಾನೆ. ಎಲ್ಲವೂ ಕರಗಿದ್ದರೆ ಗಡಿಯಾರ ಕರಗಿದ್ದು ಕಾಣುತ್ತಲೇ ಇರಲಿಲ್ಲ.

ಎರಡನೇ ಹಾಲಿಗೆ ಹೋದ ಮೇಲೆ ಪ್ರದರ್ಶನ ನಿಜವಾಗಿ ಶುರುವಾಯಿತು. ಬಾಗಿಲ ಎದುರಿಗೇ ಆರಡಿ ಅಗಲದ ಒಂದು ಕ್ಯಾನ್ವಾಸ್, ಒಬ್ಬ ಹುಡುಗಿ ಬಿಡಿಸಿದ್ದು. ರೈಲ್ವೆ ಗೇಟು ಬಿದ್ದಿದೆ. ದಾವಣಗೆರೆಯವರಿಗೆ ಗೇಟು ಬೀಳೋದು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಊರಿನ ಮಧ್ಯದಲ್ಲೇ ರೈಲು ಹಳಿ ಇದೆ, ಅಶೋಕ ರಸ್ತೆಯ ಗೇಟಿನ ಮುಂದೆ ತಲೆಮಾರುಗಳೇ ಕಾದಿವೆ. "ನನ್ನ ಅರ್ಧ ಆಯಸ್ಸು ಆ ಗೇಟಲ್ಲೇ ಹೋತು" ಅನ್ನುತ್ತಾರೆ ಭಾವ. ಚಿತ್ರದಲ್ಲೂ ಹಾಗೇ ಜನ ನಿಂತಿದ್ದಾರೆ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡ ಬೈಕಿನವನು, ಎಂಜಿನ್ ಆಫ್ ಮಾಡಿ ಕಾಲು ಚಾಚಿದ ಆಟೋದವನು, ಸೊಪ್ಪಿನ ಬುಟ್ಟಿ ಇಳಿಸಿ ಕೂತ ಅಜ್ಜಿ, ಸಿಲಿಂಡರ್ ಗಾಡಿ. ಗೇಟಿನ ಆಚೆಗೆ ಸಮುದ್ರ.

ಆಚೆ ಕಡೆಯ ರಸ್ತೆ ಇಲ್ಲ, ಅಂಗಡಿ ಇಲ್ಲ. ಗೇಟಿನ ಕಂಬಿಯಿಂದಲೇ ನೀರು ಶುರು, ದಿಗಂತದವರೆಗೂ ನೀರು. ಹಳಿಗಳು ಅಡ್ಡಡ್ಡ ಹೋಗೋದು ಬಿಟ್ಟು ನೇರ ನೀರಿನೊಳಕ್ಕೆ ಇಳಿದಿವೆ. ಯಾರೊಬ್ಬರಿಗೂ ಆಶ್ಚರ್ಯ ಇಲ್ಲ. ಬೈಕಿನವನು ಮೊಬೈಲ್ ನೋಡುತ್ತಿದ್ದಾನೆ. ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಾಳೆ.

ಗೇಟು ಬಿದ್ದಿದ್ದರೂ ನುಸುಳುವವನು ಒಬ್ಬ ಇದ್ದೇ ಇರುತ್ತಾನಲ್ಲ, ಇಲ್ಲೂ ಇದ್ದಾನೆ. ಬೆನ್ನು ಬಗ್ಗಿಸಿ ಕಂಬಿ ಕೆಳಗೆ ತೂರುತ್ತಿದ್ದಾನೆ. ಹತ್ತಿರ ಹೋಗಿ ನೋಡಿದೆ. ಅವನು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡಿದ್ದ. ಚಪ್ಪಲಿ ಕೈಯಲ್ಲಿತ್ತು.

ಆ ಮಡಚಿದ ಪ್ಯಾಂಟು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಅವನಿಗೆ ಆ ಸಮುದ್ರ ದಿನದ ಅಡಚಣೆ, ಅಷ್ಟೇ. ಇದರ ಅರ್ಥ ಏನು ಅಂತ ಕೇಳಿದರೆ ಹೇಳೋಕೆ ಬರಲ್ಲ. ಕಾಯುವಿಕೆ ಅನ್ನಬಹುದು, ಸಣ್ಣ ಊರಿನವರ ಆಸೆ ಅನ್ನಬಹುದು, ಸಾವು ಅಂತಲೂ ಯಾರಾದರೂ ಅಂದಾರು. ಯಾವುದನ್ನು ಹೇಳಿದರೂ ಆ ಪ್ಯಾಂಟು ಹೊರಗೇ ಉಳಿಯುತ್ತೆ.

ಭಾವ ಇನ್ನೊಂದು ಕಡೆ ನೋಡುತ್ತಿದ್ದರು. "ಕಂಬದ ಬುಡ ನೋಡು," ಅಂದರು. ಗೇಟಿನ ಕಬ್ಬಿಣದ ಕಂಬ ನೆಲಕ್ಕೆ ತಾಗುವ ಕಡೆ ಚಕ್ಕೆ ಚಕ್ಕೆಯಾಗಿ ಎದ್ದ ತುಕ್ಕು. ಬಣ್ಣ ಉಬ್ಬಿ, ಒಳಗಿನ ಕಬ್ಬಿಣ ಪದರ ಪದರವಾಗಿ ಬಿಚ್ಚಿಕೊಂಡಿತ್ತು. "ನಮ್ಮೂರಾಗೆ ಹಿಂಗೆ ತುಕ್ಕು ಹಿಡಿಯಲ್ಲ. ಇದು ಉಪ್ಪು ನೀರಿಂದು. ಮಂಗಳೂರು ಕಡೆ ಗೇಟು ಹಿಂಗೇ ತಿಂದು ಹೋಗ್ತಾವೆ. ಆ ಹುಡುಗಿ ಎಲ್ಲೋ ನೋಡಿಕೊಂಡು ಬಂದಾಳೆ."

ಸಮುದ್ರ ಇವತ್ತು ಬಂದದ್ದಲ್ಲ, ವರ್ಷಗಳಿಂದ ಇಲ್ಲೇ ಇದೆ ಅಂತ ಆ ತುಕ್ಕು ಹೇಳುತ್ತಿತ್ತು. ನನಗೆ ಕಂಡಿರಲೇ ಇಲ್ಲ.

ಆ ಗೋಡೆಯ ಪಕ್ಕ ನೆಲದ ಮೇಲೆ ಲಾಳಿಗಳು. ಮಗ್ಗದ ಲಾಳಿ, ಗಿರಣಿಯಿಂದ ಗುಜರಿಗೆ ಬಿದ್ದವು. ನಲವತ್ತು ಐವತ್ತು ಇದ್ದವೇನೋ, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ದೋಣಿಗಳ ಹಾಗೆ ಹೊರಟಿದ್ದವು. ನೂಲಿನ ಕಂಡಿಕೆ ಕೂರುವ ಹೊಟ್ಟೆಯೊಳಗೆ ತಂತಿಯಲ್ಲಿ ಮಾಡಿದ ಬೆರಳುದ್ದದ ಮನುಷ್ಯರು ಮಲಗಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಒಂದಿತ್ತು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಭಾವನ ಅಪ್ಪ ಗಿರಣಿಯಲ್ಲೇ ದುಡಿದವರು. ಭಾವ ಮಂಡಿಯೂರಿ ಕೂತರು. ಮುಟ್ಟಬಾರದು ಅಂತ ಬೋರ್ಡ್ ಇತ್ತು, ಮುಟ್ಟಲಿಲ್ಲ. ಬೆರಳು ತೋರಿಸಿ ಹೇಳಿಕೊಟ್ಟರು. ಎರಡೂ ತುದಿಗೆ ಉಕ್ಕಿನ ಮೊನೆ. ನೂಲು ಹೊರಗೆ ಬರುವ ತೂತಿಗೆ ಪಿಂಗಾಣಿಯ ಪುಟ್ಟ ಬಳೆ, ಯಾಕೆಂದರೆ ಮರ ಆದರೆ ನೂಲು ಉಜ್ಜಿ ಉಜ್ಜಿ ಕೊರೆದುಬಿಡುತ್ತೆ. ಒಂದು ಲಾಳಿಯಲ್ಲಿ ಆ ಬಳೆ ಒಡೆದು ಬಿದ್ದಿತ್ತು. ಅಲ್ಲಿ ಮರದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಹತ್ತಿ ನೂಲು ಮರವನ್ನು ಕೊಯ್ದ ಗುರುತು.

"ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಿಂಗೇ ಮಲಗ್ತಿದ್ದ, ಮುದುರಿಕೊಂಡು," ಅಂದರು ಭಾವ. ತಂತಿ ಮನುಷ್ಯರ ಬಗ್ಗೆ ಅಂತ ತಿಳಿಯೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕುರ್ಚಿಯಲ್ಲಿದ್ದ ಇಬ್ಬರಲ್ಲಿ ಒಬ್ಬ, ಹೊನ್ನಾಳಿ ಕಡೆಯ ಹುಡುಗ, ಭಾವನ ಮಾತು ಕೇಳಿ ಎದ್ದು ಬಂದ. ಮೂಲೆಯಲ್ಲಿದ್ದ ಎಮ್ಮೆ ಅವನದ್ದು. ನಿಜವಾದ ಅಳತೆಯ ಎಮ್ಮೆ, ಫೈಬರ್‌ನದ್ದು. ಹೊಟ್ಟೆಯಲ್ಲಿ ಸ್ಟೀಲ್ ಬೀರುವಿನ ಬಾಗಿಲು, ಹ್ಯಾಂಡಲ್ಲು, ಕೀಲಿ ತೂತು. ಡಾಲಿ 1936ರಲ್ಲಿ ಹಳೆಯ ವೀನಸ್ ಪ್ರತಿಮೆಯ ಮೈಗೆ ಡ್ರಾಯರ್‌ಗಳನ್ನು ಕೂರಿಸಿದ್ದ. ಹುಡುಗ ಅದನ್ನು ನೋಡಿಯೇ ಮಾಡಿದ್ದು ಅಂತ ಮುಚ್ಚುಮರೆ ಇಲ್ಲದೆ ಹೇಳಿದ.

ಮಾಡುವ ರೀತಿ ಕೇಳಿದೆ. ಮೊದಲು ಜೇಡಿಮಣ್ಣಲ್ಲಿ ಎಮ್ಮೆ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಚ್ಚು, ತುಂಡು ತುಂಡಾಗಿ, ಇಲ್ಲದಿದ್ದರೆ ಬಿಡಿಸೋಕೆ ಬರಲ್ಲ. ಅಚ್ಚಿನ ಒಳಗೆ ಮೇಣ ಸವರಿ, ರೆಸಿನ್‌ಗೆ ಹಾರ್ಡ್‌ನರ್ ಬೆರೆಸಿ ಬಳಿದು, ಗಾಜಿನ ನಾರಿನ ಮ್ಯಾಟ್ ಒತ್ತಿ, ಮತ್ತೆ ರೆಸಿನ್. ಹಾರ್ಡ್‌ನರ್ ಜಾಸ್ತಿಯಾದರೆ ಬಿಸಿಯಾಗಿ ಬಿರುಕು ಬಿಡುತ್ತೆ, ಕಮ್ಮಿಯಾದರೆ ಅಂಟಂಟಾಗಿಯೇ ಉಳಿಯುತ್ತೆ. ಗಟ್ಟಿಯಾದ ತುಂಡುಗಳನ್ನು ಜೋಡಿಸಿದ ಮೇಲೆ ಅಚ್ಚಿನ ಗೆರೆಗಳು ಉಬ್ಬಿಕೊಂಡು ಕಾಣುತ್ತವೆ. ಅವನ್ನು ಉಜ್ಜಿ ತೆಗೆಯೋದೇ ದೊಡ್ಡ ಕೆಲಸ.

"ಬಾಗಿಲು ಇರೋ ಕಡೆ ಚರ್ಮ ಹೆಂಗೆ ಮಾಡಿದಿ?" ಭಾವ ಕೇಳಿದರು.

ಹುಡುಗನ ಮುಖ ಅರಳಿತು. ಯಾರೂ ಅದನ್ನು ಕೇಳಿರಲಿಲ್ಲವಂತೆ. ಬಾಗಿಲ ಚೌಕಟ್ಟಿನ ಸುತ್ತ ಎಮ್ಮೆಯ ಚರ್ಮ ಸ್ವಲ್ಪ ಸುಕ್ಕಾಗಿ, ಒಳಕ್ಕೆ ಎಳೆದ ಹಾಗಿತ್ತು. ಹಳೇ ಗಾಯ ಮಾದ ಮೇಲೆ ಇರುತ್ತಲ್ಲ, ಹಾಗೆ. ಊರಲ್ಲಿ ಎಮ್ಮೆಗೆ ಬರೆ ಹಾಕಿದ ಗುರುತು ನೋಡಿಕೊಂಡು ಬಂದು ಅಷ್ಟು ಭಾಗವನ್ನು ಮತ್ತೆ ಮತ್ತೆ ಮಾಡಿದ್ದನಂತೆ.

"ಕೀ ಎಲ್ಲೈತೆ?"

"ಕೀ ಮಾಡ್ಸಿಲ್ಲ ಸರ್."

"ಒಳಗೆ ಏನೈತೆ?"

"ಏನೂ ಇಲ್ಲ ಸರ್. ಪೊಳ್ಳು."

"ದಾವಣಗೆರೆ ಎಮ್ಮೆ. ಬೆಣ್ಣೆ ಇಡಬೇಕಿತ್ತಪ್ಪ," ಅಂದರು ಭಾವ. ವಾಚ್‌ಮನ್ ಕೂಡ ನಕ್ಕ.

ಮಧ್ಯಾಹ್ನ ಹೊರಗೆ ಬಂದು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಭಾವನಿಗೂ ಹುಡುಗನಿಗೂ ಡಾಲಿಯ ಆನೆ ಕಥೆ ಹೇಳಿದೆ. 1967ರಲ್ಲಿ ಏರ್ ಇಂಡಿಯಾದವರು ತಮ್ಮ ಪ್ರಯಾಣಿಕರಿಗೆ ಉಡುಗೊರೆ ಕೊಡೋಕೆ ಒಂದು ಬೂದಿ ಬಟ್ಟಲು ಮಾಡಿಕೊಡಿ ಅಂತ ಡಾಲಿಯನ್ನು ಕೇಳಿದರು. ಅವನು ಮಾಡಿಕೊಟ್ಟದ್ದು ಹಂಸ, ತಿರುಗಿಸಿ ಹಿಡಿದರೆ ಆನೆ ಮುಖ. ಸಂಬಳಕ್ಕೆ ಅವನು ಕೇಳಿದ್ದು ಒಂದು ಆನೆ. ಬೆಂಗಳೂರಿನಿಂದ ಆನೆ ಮರಿಯೊಂದನ್ನು ವಿಮಾನದಲ್ಲಿ ಜಿನೀವಾಕ್ಕೆ ಒಯ್ದು, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಅವನ ಊರಿಗೆ ಮುಟ್ಟಿಸಿದರು. ಹುಡುಗ ನಂಬಲಿಲ್ಲ, ಮೊಬೈಲಲ್ಲಿ ಹುಡುಕಿ ನೋಡಿದ. ಭಾವನ ಚಿಂತೆ ಬೇರೆ. "ಆ ಮರಿಗೆ ಅಲ್ಲಿ ಕಬ್ಬು ಯಾರು ಕೊಟ್ಟಿದ್ರೋ."

ಮಧ್ಯಾಹ್ನದ ಮೇಲೆ ಮತ್ತೆ ಒಳಗೆ ಹೋಗಿ ನೋಡಿದ್ದರಲ್ಲಿ ಎರಡು ನೆನಪಿವೆ. ಒಂದು, ಕರಿ ಗ್ರಾನೈಟಿನ ದಿಂಬು. ತಲೆ ಇಟ್ಟ ತಗ್ಗು ಮಾತ್ರ ಕನ್ನಡಿ ಹಾಗೆ ಹೊಳೆಯುತ್ತೆ, ಉಳಿದದ್ದು ಒರಟು. 1936ರಲ್ಲೇ ಮೆರೆಟ್ ಓಪನ್‌ಹೈಮ್ ಅನ್ನುವ ಕಲಾವಿದೆ ಟೀ ಕಪ್ಪು, ಸಾಸರು, ಚಮಚಕ್ಕೆ ಪ್ರಾಣಿಯ ತುಪ್ಪಳ ಹೊದಿಸಿದ್ದಳು. ಅದನ್ನು ನೋಡಿದರೆ ಬಾಯಲ್ಲಿ ಕೂದಲು ಸಿಕ್ಕ ಹಾಗಾಗುತ್ತೆ. ಈ ದಿಂಬು ಕುತ್ತಿಗೆಗೆ ನೋವು ತರಿಸಿತು. ಎರಡನೆಯದು, ಚಿತ್ರದುರ್ಗದ ಬಂಡೆ ಮೇಲೆ ಬಟ್ಟೆ ಹಾಸಿ ಕಪ್ಪು ಮೇಣ ಉಜ್ಜಿ ತೆಗೆದ ಅಚ್ಚು. ನೋಟ್‌ಬುಕ್ಕಿನ ಹಾಳೆ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿದ್ದು ಎಲ್ಲರಿಗೂ ನೆನಪಿರುತ್ತೆ, ಅಲ್ವಾ? ಮಾಕ್ಸ್ ಅರ್ನ್ಸ್ಟ್ ಅನ್ನುವ ಜರ್ಮನ್ ಚಿತ್ರಕಾರ 1925ರಲ್ಲಿ ಮರದ ನೆಲಹಾಸಿನ ಮೇಲೆ ಕಾಗದ ಇಟ್ಟು ಇದನ್ನೇ ಮಾಡಿ, ಆ ಗೆರೆಗಳಲ್ಲಿ ಕಾಡು, ಹಕ್ಕಿ ಎಲ್ಲ ಹುಡುಕಿದ. ಇಲ್ಲಿನ ಬಟ್ಟೆ ಮೇಲೆ ಚೌಕ ಚೌಕ ಗುಂಡಿಗಳ ಒಂದು ಸಾಲು ಮೂಡಿತ್ತು. ಕಲಾವಿದೆ ಅದಕ್ಕೆ ಮೇಲೊಂದು ಕೆಳಗೊಂದು ಗೆರೆ ಎಳೆದಿದ್ದಳು, ಅಷ್ಟೇ. ಗುಂಡಿಗಳು ಹಲ್ಲಾದವು, ಬಂಡೆ ಬಾಯಾಯಿತು.

ಭಾನುವಾರ

ಬೆಳಗ್ಗೆ ಹರಿಹರ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಇರಬಹುದು. ಅಕ್ಕನಿಗೆ ಪೂಜೆ ಮಾಡಿಸುವುದಿತ್ತು. ನನಗೆ ಬೇರೆ ಆಸೆ.

ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು. ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಂದೇ ವಿಗ್ರಹ, ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಚಿಕ್ಕವನಿದ್ದಾಗಿಂದ ನೋಡಿದ್ದೀನಿ, ಕೈ ಮುಗಿದಿದ್ದೀನಿ. ಈ ಸಲ ಸಾಲಿನಲ್ಲಿ ನಿಂತಾಗ ತಲೆಯಲ್ಲಿ ಒಂದೇ ಮಾತು, ಜಾಯಿಂಟ್ ಎಲ್ಲಿ? ತಲೆ ಮೇಲೆ ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ಮುಖ ಮಾತ್ರ ಒಂದೇ. ಎರಡು ಮುಖ ಮಾಡಿ ನಡುವೆ ಗೆರೆ ಎಳೆಯೋದು ಸುಲಭ ಇತ್ತು. ಶಿಲ್ಪಿ ಹಾಗೆ ಮಾಡಲಿಲ್ಲ. ಎರಡೂ ಅರ್ಧಕ್ಕೆ ಸಲ್ಲುವ ಒಂದೇ ಶಾಂತ ಮುಖ ಕೊಟ್ಟು ವ್ಯತ್ಯಾಸವನ್ನೆಲ್ಲ ಅಂಚಿಗೆ, ತಲೆಗೆ, ಕೈಗಳಿಗೆ ಸಾಗಿಸಿದ. ಹಾಗಂತ ಹೊಯ್ಸಳರೇ ಮೊದಲ ಸರ್ರಿಯಲಿಸ್ಟರು ಅಂತ ಹೇಳುವವರ ಪೈಕಿ ನಾನಲ್ಲ. ಆ ವಾದ ನನಗೆ ರೇಗಿಸುತ್ತೆ. ಅವರಿಗೆ ಅದು ಕನಸಲ್ಲ, ದೇವರು. ಕೈಕಸುಬಿನ ಕಷ್ಟ ಮಾತ್ರ ಇಬ್ಬರಿಗೂ ಒಂದೇ.

ಭಾವ ಗರ್ಭಗುಡಿಗಿಂತ ಮಂಟಪದಲ್ಲೇ ಜಾಸ್ತಿ ಹೊತ್ತು ಇದ್ದರು. ಲೇತ್‌ಗೆ ಹಾಕಿ ತಿರುಗಿಸಿ ಕಡೆದ ಹಾಗಿರುವ ಕಂಬಗಳ ಮೇಲೆ ಉಗುರು ಆಡಿಸುತ್ತಾ, "ಇಷ್ಟು ತೂಕದ್ದನ್ನ ಹೆಂಗೆ ತಿರುಗಿಸಿದ್ರಪ್ಪ?" ಅಂತ ಕಂಬವನ್ನೇ ಕೇಳುತ್ತಿದ್ದರು.

ಸಂಜೆ ಅಕ್ಕನೂ ಗ್ಯಾಲರಿಗೆ ಬಂದಳು. ಅಲ್ಲಿ ಬಂದವರಿಗೆಲ್ಲ ಒಂದು ಆಟ ಇಟ್ಟಿದ್ದರು. ಹಾಳೆಯನ್ನು ಮೂರು ಮಡಿಕೆ ಮಾಡಿ ಒಬ್ಬರು ತಲೆ ಬಿಡಿಸೋದು, ಮಡಚಿ ಮುಚ್ಚಿ ಮುಂದಿನವರಿಗೆ ಕೊಡೋದು. ಅವರು ಮೇಲಿನದ್ದನ್ನು ನೋಡದೆ ಹೊಟ್ಟೆ ಬಿಡಿಸೋದು, ಮೂರನೆಯವರು ಕಾಲು. ಅಂಚಿನಲ್ಲಿ ಎರಡು ಗೀಟು ಮಾತ್ರ ಕೆಳಗೆ ಇಳಿದಿರಬೇಕು, ಅಲ್ಲಿಂದ ಮುಂದುವರಿಸಬೇಕು. ಬ್ರೆಟನ್ ಗುಂಪಿನವರು 1925ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಆಡುತ್ತಿದ್ದ ಆಟ ಇದು.

ಅಕ್ಕನ ಪಾಲಿಗೆ ತಲೆ ಬಂತು, ನನಗೆ ಹೊಟ್ಟೆ, ಭಾವನಿಗೆ ಕಾಲು. ಬಿಚ್ಚಿದಾಗ ಮೇಲೆ ಕುಕ್ಕರ್, ಸೀಟಿ ಹಾಕುತ್ತಿರುವ ಕುಕ್ಕರ್. ನಡುವೆ ನಾನು ಬಿಡಿಸಿದ ಅಂಚೆ ಡಬ್ಬಿ. ಕೆಳಗೆ ಭಾವನ ಎರಡು ಕಾಲು, ನಟ್ಟು ಬೋಲ್ಟು ಹಾಕಿ, ಪ್ರತಿ ಕೀಲಿಗೂ ಅಳತೆ ಬರೆದದ್ದು, "1½ ಇಂಚು" ಅಂತ. ಅಕ್ಕ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ನಮ್ಮನೆ ಫ್ಯಾಮಿಲಿ ಫೋಟೋ" ಅಂತ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಗೋಡೆಗೆ ಅಂಟಿಸೋಕೆ ಬೇಕಿತ್ತು ಅಂತ ಹುಡುಗರು ಕೇಳಿದರೂ ಕೊಡಲಿಲ್ಲ.

ಅಕ್ಕನಿಗೆ ಗೇಟಿನ ಚಿತ್ರಕ್ಕಿಂತ ಇನ್ನೊಂದು ಇಷ್ಟವಾಯಿತು. ಒಗೆದ ಬಟ್ಟೆ ಒಣಹಾಕಿದ ತಂತಿ, ಬಟ್ಟೆಗಳ ಬದಲು ಅವುಗಳ ನೆರಳುಗಳನ್ನೇ ಕ್ಲಿಪ್ ಹಾಕಿ ಒಣಗಿಸಿದ್ದಾರೆ. ನಾನು ಅದನ್ನು ಶನಿವಾರ ನೋಡಿ ದಾಟಿದ್ದೆ. "ನೀರು ಸೋರ್ತಾ ಇದೆ ನೋಡು, ನೆರಳಿಂದ," ಅಂದಳು. ಹೌದು, ಸೋರುತ್ತಿತ್ತು. ಕೆಳಗೆ ಸಿಮೆಂಟ್ ನೆಲದ ಮೇಲೆ ಒದ್ದೆ ಚುಕ್ಕೆಗಳೂ ಇದ್ದವು.

ಭಾವ ಸದ್ದಿಲ್ಲದೆ ಹೋಗಿ ಗೇಟಿನ ಚಿತ್ರದ ಬೆಲೆ ಕೇಳಿ ಬಂದಿದ್ದರು. ಮೂವತ್ತು ಸಾವಿರ. "ಎಲ್ಲಿ ಹಾಕ್ತೀರಿ? ಹಾಲ್‌ನಲ್ಲಿ ಟೀವಿ ಇದೆ, ರೂಮಿನಲ್ಲಿ ಬೀರು ಇದೆ" ಅಂದಳು ಅಕ್ಕ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಚರ್ಚೆ. ನಾನು ಬಾಯಿ ಹಾಕಲಿಲ್ಲ.

ಸೋಮವಾರ

ಭಾವನಿಗೆ ಚಿತ್ರದುರ್ಗದಲ್ಲಿ ಒಂದು ಮನೆ ಗೇಟಿನ ಅಳತೆ ತಗೋಬೇಕಿತ್ತು. ಅವರ ಓಮ್ನಿಯಲ್ಲೇ ಹೊರಟೆವು. ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್, ಗಂಟೆಯ ದಾರಿ.

ಕೋಟೆ ಬಗ್ಗೆ, ಏಳು ಸುತ್ತು, ಮದಕರಿ ನಾಯಕ, ಓಬವ್ವನ ಕಿಂಡಿ ಬಗ್ಗೆ ಕನ್ನಡದವರಿಗೆ ಹೇಳೋದೇನಿದೆ! ಕಿಂಡಿಯ ಹತ್ತಿರ ಶಾಲೆ ಮಕ್ಕಳ ಸಾಲು ದೊಡ್ಡದಿತ್ತು, ನಾವು ಮೇಲಕ್ಕೆ ಹೋದೆವು. ನಾನು ಹುಡುಕುತ್ತಿದ್ದದ್ದು ಬಟ್ಟೆ ಮೇಲೆ ನೋಡಿದ ಆ ಹಲ್ಲುಗಳನ್ನು. ಸಿಕ್ಕೇ ಸಿಕ್ಕಿತು, ಒಂದಲ್ಲ, ಹತ್ತಾರು ಕಡೆ. ಬಂಡೆ ಸೀಳೋಕೆ ಸಾಲಾಗಿ ಹೊಡೆದ ಚೌಕ ಗುಂಡಿಗಳು. ಅದರಲ್ಲಿ ಬೆಣೆ ಇಟ್ಟು ಬಂಡೆಯನ್ನು ಗೆರೆ ಹಿಡಿದ ಹಾಗೆ ಸೀಳುತ್ತಿದ್ದರು. ಕೆಲವು ಬಂಡೆಗಳಲ್ಲಿ ಗುಂಡಿ ಹೊಡೆದು ಹಾಗೇ ಬಿಟ್ಟಿದ್ದಾರೆ. ಬಾಯಿ ಮುಚ್ಚಿದ ಬಂಡೆಗಳು ಅವು. ಬಟ್ಟೆ ಮೇಲೆ ಅಚ್ಚು ತೆಗೆದ ಆ ಹುಡುಗಿ ಸುಳ್ಳು ಸೇರಿಸಿರಲಿಲ್ಲ.

ಅಲ್ಲೊಬ್ಬ ಗೈಡು ಜನರಿಗೆ ತೋರಿಸುತ್ತಿದ್ದ. ಅದು ಆನೆ, ಅದು ಕಪ್ಪೆ, ಅದು ಮಲಗಿದ ನಾಯಿ. ಜನ ಹೌದು ಹೌದು ಅಂತ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಮೊದಲ ಹಾಲಿನ ಮರ-ಹೆಂಗಸಿನ ಕಥೆಯೇ ಇಲ್ಲೂ. ಹೆಸರು ಸಿಕ್ಕಿದ ಮೇಲೆ ಬಂಡೆಯನ್ನು ಯಾರೂ ನೋಡಲ್ಲ. ಈ ಭಾಗದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಮೊದಲು ಸವೆದು, ಚೌಕ ಇದ್ದದ್ದು ಗುಂಡಗಾಗುತ್ತೆ. ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿ ಹೋಗಿ, ಒಂದರ ಮೇಲೆ ಒಂದು ಕೂತ ಗುಂಡುಗಳು ಉಳಿಯುತ್ತವೆ. ಒಂದು ಕಡೆ ಮನೆಯಷ್ಟು ದೊಡ್ಡ ಗುಂಡು ಅಂಗೈಯಷ್ಟು ಜಾಗದ ಮೇಲೆ ನಿಂತಿತ್ತು. ಭಾವ ಬಗ್ಗಿ ಆ ಸಂದಿಯಲ್ಲಿ ಆಚೆಯ ಬೆಳಕು ಕಾಣುತ್ತಾ ಅಂತ ನೋಡಿದರು. ಕಾಣುತ್ತಿತ್ತು.

ಗೋಡೆಗಳ ಹತ್ತಿರ ಅವರನ್ನು ಎಬ್ಬಿಸೋದೇ ಕಷ್ಟವಾಯಿತು. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಕೂರಿಸಿದ ಗೋಡೆ. ಒಂದು ಕಲ್ಲಿನ ಉಬ್ಬಿಗೆ ಪಕ್ಕದ ಕಲ್ಲಿನಲ್ಲಿ ಅಷ್ಟೇ ತಗ್ಗು. ಭಾವ ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಸಂದಿಗೆ ತೂರಿಸಿ ನೋಡಿದರು. ಒಂದು ಕಡೆ ಹೋಗಲಿಲ್ಲ, ಇನ್ನೊಂದು ಕಡೆ ಉಗುರಿನಷ್ಟು ಹೋಯಿತು. "ಮಾಡಿದೋನು ಬೇರೆ ಬೇರೆ" ಅಂದರು. ಮದಕರಿ ನಾಯಕನ ಮೇಸ್ತ್ರಿಗೂ ಮಾರ್ಕ್ಸ್ ಕಟ್!

ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸುವಾಗ ಭಾವನಿಗೆ ಫೋನ್ ಬಂತು. ಹೊನ್ನಾಳಿ ಹುಡುಗ. ಮುಂದಿನ ಕೆಲಸಕ್ಕೆ ಹಳೇ ಶಟರ್ ಸ್ಪ್ರಿಂಗ್‌ಗಳು ಬೇಕಂತೆ, ಶಾಪಿನಲ್ಲಿ ವೆಲ್ಡಿಂಗ್ ಮಾಡಿಕೊಳ್ಳೋಕೆ ಜಾಗವೂ ಬೇಕಂತೆ.

"ಬಾರಪ್ಪ, ಬಾ. ಸ್ಪ್ರಿಂಗ್ ಕೆಜಿ ಲೆಕ್ಕ, ರಾಡು ನಿಂದೇ ತರಬೇಕು," ಅಂದರು ಭಾವ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಆ ಗೇಟಿನ ಹುಡುಗಿ ನಿನ್ನ ಕ್ಲಾಸೇನಾ? ಎರಡು ಕಂತಿನಾಗೆ ಕೊಡ್ತಾಳಾ ಕೇಳು" ಅಂದರು.